ಪಿಸ್ಟನ್ ಬದಲಿಸಿದರೆ ಎಂಜಿನ್ ಬ್ಯಾಲೆನ್ಸ್‌ಗೆ ಏನಾಗುತ್ತದೆ? ತೂಗಿ, ಲೆಕ್ಕ ಹಾಕಿ, ಸರಿಪಡಿಸುವ ಬಗೆ

ಹಗುರ ಪಿಸ್ಟನ್ ಹಾಕಿದ ಮೇಲೆ ಎಂಜಿನ್ ನುಣ್ಣಗೆ ಓಡುತ್ತಿದೆ ಅಂತ ಒಬ್ಬರು ಹೇಳುತ್ತಾರೆ. ಅಂಥದ್ದೇ ಕೆಲಸ ಮಾಡಿಸಿದ ಇನ್ನೊಬ್ಬರು, ಹ್ಯಾಂಡಲ್ ಹಿಡಿಯೋಕೇ ಆಗ್ತಿಲ್ಲ, ಅಷ್ಟು ನಡುಗುತ್ತದೆ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರ ಎಂಜಿನ್‌ಗಳು ಬೇರೆ ಬೇರೆ, ಅಷ್ಟೆ.

ಪಿಸ್ಟನ್ ಹಗುರವೋ ಭಾರವೋ ಅನ್ನುವುದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು ಇದು: ಈ ಎಂಜಿನ್‌ನಲ್ಲಿ ಪಿಸ್ಟನ್‌ನ ತೂಕವನ್ನು ಸರಿದೂಗಿಸುತ್ತಿರುವುದು ಯಾವುದು? ಪಕ್ಕದ ಪಿಸ್ಟನ್ನಾ, ಕ್ರ್ಯಾಂಕ್‌ನ ಕೌಂಟರ್‌ವೇಟಾ, ಬ್ಯಾಲೆನ್ಸರ್ ಶಾಫ್ಟಾ? (ಕ್ರ್ಯಾಂಕ್ ಅಂದರೆ ಪಿಸ್ಟನ್‌ನ ಏರಿಳಿತವನ್ನು ತಿರುಗಾಟವಾಗಿಸುವ ಶಾಫ್ಟ್. ಅದರ ಮೇಲೆ ಎದುರು ಬದಿಯಲ್ಲಿರುವ ತೂಕ ಕೌಂಟರ್‌ವೇಟ್. ನಡುಕ ಅಡಗಿಸಲೆಂದೇ ತಿರುಗುವ ಬೇರೆ ಶಾಫ್ಟ್ ಬ್ಯಾಲೆನ್ಸರ್.) ತಕ್ಕಡಿಯ ಒಂದು ತಟ್ಟೆಯನ್ನು ಮುಟ್ಟುವ ಮೊದಲು ಇನ್ನೊಂದು ತಟ್ಟೆಯಲ್ಲಿ ಏನಿದೆ ಅಂತ ನೋಡಬೇಕು, ಅಲ್ವಾ?

ಈ ಬರಹದ ಉದ್ದಕ್ಕೂ ಲೆಕ್ಕಕ್ಕೆ ಒಂದೇ ಎಂಜಿನ್ ಇಟ್ಟುಕೊಂಡಿದ್ದೇನೆ. ಒಂದೇ ಸಿಲಿಂಡರ್, 58 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ), 8000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು). ಕೊಟ್ಟಿರುವ ತೂಕಗಳೆಲ್ಲ ಉದಾಹರಣೆಗೆ ಮಾತ್ರ. ನಿಮ್ಮ ಎಂಜಿನ್‌ನ ತೂಕವನ್ನು ನೀವೇ ತೂಗಬೇಕು.

ಒಂದು ಗ್ರಾಂ ಅಂದರೆ ಎಷ್ಟು?

ಪಿಸ್ಟನ್ ಮೇಲೆ ಹೋಗಿ ನಿಂತು, ಕೆಳಗೆ ಬಂದು ನಿಂತು, ಮತ್ತೆ ಮೇಲೆ ಹೋಗುತ್ತದೆ. ಪ್ರತಿ ಸಲ ಅದನ್ನು ನಿಲ್ಲಿಸಿ ಎಳೆಯಲು ಬಲ ಬೇಕು. ಆ ಬಲ ಮೂರು ಸಂಗತಿಗಳನ್ನು ಗುಣಿಸಿದಷ್ಟು: ಪಿಸ್ಟನ್‌ನ ತೂಕ, ಸ್ಟ್ರೋಕ್‌ನ ಅರ್ಧ, ಮತ್ತು ತಿರುಗುವ ವೇಗದ ವರ್ಗ.

ನಮ್ಮ ಎಂಜಿನ್‌ನಲ್ಲಿ ಸ್ಟ್ರೋಕ್‌ನ ಅರ್ಧ 29 ಮಿ.ಮೀ. 8000 ಆರ್‌ಪಿಎಂನಲ್ಲಿ ಪಿಸ್ಟನ್‌ಗೆ ಸೇರಿದ ಒಂದೊಂದು ಗ್ರಾಂ ಕೂಡ ಸುಮಾರು 20 ನ್ಯೂಟನ್ ಬಲದಿಂದ ಎಳೆಯುತ್ತದೆ. ಎರಡು ಕಿಲೋ ಕಲ್ಲನ್ನು ಕೈಯಲ್ಲಿ ಹಿಡಿದಷ್ಟು. ಅದೇ ಎಂಜಿನ್ 4000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಕಾಲು ಭಾಗ, ಅಂದರೆ 5 ನ್ಯೂಟನ್ ಮಾತ್ರ. ಐಡಲ್‌ನಲ್ಲಿ ಸುಮ್ಮನಿರುವ ಎಂಜಿನ್ ಜೋರಾಗಿ ಓಡಿಸಿದಾಗ ನಡುಗುವುದಕ್ಕೆ ಇದೇ ಕಾರಣ. ವೇಗ ಎರಡು ಪಟ್ಟಾದರೆ ನಡುಕ ನಾಲ್ಕು ಪಟ್ಟು.

ಇನ್ನೊಂದು ಸೂಕ್ಷ್ಮ ಇದೆ. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗಿ ತೂಗಾಡುವುದರಿಂದ ಪಿಸ್ಟನ್‌ನ ಚಲನೆ ಮೇಲೆ ಮತ್ತು ಕೆಳಗೆ ಒಂದೇ ತೆರನಾಗಿರುವುದಿಲ್ಲ. ಮೇಲಿನ ತುದಿಯಲ್ಲಿ ಎಳೆತ ಜಾಸ್ತಿ, ಕೆಳಗಿನ ತುದಿಯಲ್ಲಿ ಕಡಿಮೆ. ಈ ವ್ಯತ್ಯಾಸದಿಂದ ಹುಟ್ಟುವ ನಡುಕ ಕ್ರ್ಯಾಂಕ್‌ನ ಎರಡು ಪಟ್ಟು ವೇಗದಲ್ಲಿ ಇರುತ್ತದೆ. ಅದಕ್ಕೆ ಸೆಕೆಂಡರಿ ನಡುಕ ಅನ್ನುತ್ತಾರೆ. ಕ್ರ್ಯಾಂಕ್‌ನ ವೇಗದಲ್ಲೇ ಇರುವ ಮುಖ್ಯ ನಡುಕಕ್ಕೆ ಪ್ರೈಮರಿ ಅಂತ ಹೆಸರು. ಸಾಮಾನ್ಯವಾಗಿ ಇದು ಪ್ರೈಮರಿ ನಡುಕದ ಕಾಲು ಭಾಗದ ಹತ್ತಿರ ಇರುತ್ತದೆ. ರಾಡ್ ಉದ್ದವಾದಷ್ಟೂ ಕಡಿಮೆ. ಕ್ರ್ಯಾಂಕ್‌ನ ಕೌಂಟರ್‌ವೇಟ್ ಕ್ರ್ಯಾಂಕ್‌ನ ವೇಗದಲ್ಲೇ ತಿರುಗುವುದರಿಂದ ಸೆಕೆಂಡರಿಯನ್ನು ಅದು ಏನೂ ಮಾಡಲಾರದು.

ಹೆಜ್ಜೆ 1: ಎದುರು ತಟ್ಟೆಯಲ್ಲಿ ಏನಿದೆ ಅಂತ ಗುರುತಿಸಿ

ಉಪಕರಣ ಮುಟ್ಟುವ ಮೊದಲೇ ಮಾಡಬೇಕಾದ ಕೆಲಸ ಇದು. ಇದು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಬ್ಯಾಲೆನ್ಸರ್ ಇಲ್ಲದ ಒಂಟಿ ಸಿಲಿಂಡರ್‌ನಲ್ಲಿ ಪಿಸ್ಟನ್ ಎದುರಿಗೆ ಇರುವುದು ಕೌಂಟರ್‌ವೇಟ್ ಒಂದೇ. ಅದು ಪಿಸ್ಟನ್ ತೂಕವನ್ನು ಪೂರ್ತಿ ಸರಿದೂಗಿಸುವುದಿಲ್ಲ, ಒಂದು ಪಾಲನ್ನು ಮಾತ್ರ. ಪೂರ್ತಿ ಸರಿದೂಗಿಸಲು ಹೋದರೆ ಮೇಲೆ ಕೆಳಗೆ ಆಗುತ್ತಿದ್ದ ನಡುಕ ಹಿಂದೆ ಮುಂದೆ ಆಗುತ್ತದೆ, ಹೋಗುವುದಿಲ್ಲ. ಹಾಗಾಗಿ ತಯಾರಕರು ಅರ್ಧದ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಒಂದು ಪಾಲನ್ನು ಆರಿಸುತ್ತಾರೆ. ಫ್ರೇಮ್ ಹೇಗಿದೆ, ಎಂಜಿನ್ ಯಾವ ಕೋನದಲ್ಲಿ ಕೂತಿದೆ ಅನ್ನುವುದನ್ನು ನೋಡಿ ತೀರ್ಮಾನಿಸುತ್ತಾರೆ. ಈ ಪಾಲಿಗೆ ಬ್ಯಾಲೆನ್ಸ್ ಫ್ಯಾಕ್ಟರ್ ಅಂತ ಹೆಸರು. ಎರಡು ಪಿಸ್ಟನ್ ಒಟ್ಟಿಗೆ ಏರಿ ಇಳಿಯುವ ಟ್ವಿನ್ ಎಂಜಿನ್‌ಗೂ ಇದೇ ಲೆಕ್ಕ.

ಬ್ಯಾಲೆನ್ಸರ್ ಶಾಫ್ಟ್ ಇರುವ ಒಂಟಿ ಸಿಲಿಂಡರ್ ಬೇರೆ ಜಾತಿ. ಅಲ್ಲಿ ಕೌಂಟರ್‌ವೇಟ್ ಅರ್ಧ ಹೊರುತ್ತದೆ. ಎದುರು ದಿಕ್ಕಿಗೆ ತಿರುಗುವ ಶಾಫ್ಟ್ ಉಳಿದ ಅರ್ಧ ಹೊರುತ್ತದೆ. ಪ್ರೈಮರಿ ನಡುಕ ಬಹುತೇಕ ಸೊನ್ನೆ. ಇಲ್ಲಿ ಪಿಸ್ಟನ್ ಭಾರವಾದರೂ ಕೆಡುತ್ತದೆ, ಹಗುರವಾದರೂ ಕೆಡುತ್ತದೆ. ಹಗುರ ಮಾಡಿದರೆ ಒಳ್ಳೆಯದೇ ಅನ್ನುವ ನಂಬಿಕೆ ಎಡವುವುದು ಇಲ್ಲೇ.

ಸಾಮಾನ್ಯ ಇನ್‌ಲೈನ್ ನಾಲ್ಕು ಸಿಲಿಂಡರ್‌ನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ಪಿಸ್ಟನ್‌ಗೆ ಪಿಸ್ಟನ್ನೇ ಎದುರು ತೂಕ. ನಾಲ್ಕನ್ನೂ ಸಮನಾಗಿ ಹಗುರ ಮಾಡಿದರೆ ಪ್ರೈಮರಿ ಬ್ಯಾಲೆನ್ಸ್‌ಗೆ ಏನೂ ಆಗುವುದಿಲ್ಲ. ಸೆಕೆಂಡರಿ ನಡುಕ ಮಾತ್ರ ನಾಲ್ಕರದ್ದೂ ಸೇರಿಕೊಳ್ಳುತ್ತದೆ. ಒಂದೊಂದು ಸಿಲಿಂಡರ್‌ನ ಏರಿಳಿಯುವ ತೂಕ 500 ಗ್ರಾಂನಿಂದ 480ಕ್ಕೆ ಇಳಿದರೆ ಆ ನಡುಕವೂ 4% ಇಳಿಯುತ್ತದೆ. ಈ ಸೆಕೆಂಡರಿಯನ್ನು ಅಡಗಿಸಲು ಎರಡು ಪಟ್ಟು ವೇಗದಲ್ಲಿ ತಿರುಗುವ ಜೋಡಿ ಶಾಫ್ಟ್‌ಗಳ ಉಪಾಯ ಕೊಟ್ಟವರು ಬ್ರಿಟನ್ನಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್. ಅಂಥ ಶಾಫ್ಟ್ ಇರುವ ಎಂಜಿನ್‌ನಲ್ಲಿ ಪಿಸ್ಟನ್ ತೂಕ ಬದಲಿಸಿದರೆ ಆ ಹೊಂದಾಣಿಕೆಯೂ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ಇನ್‌ಲೈನ್ ಆರರಲ್ಲಿ ಎಲ್ಲ ಪಿಸ್ಟನ್ ಸಮ ಇದ್ದರೆ ಸಾಕು, ಪ್ರೈಮರಿ ಸೆಕೆಂಡರಿ ಎರಡೂ ತಾವಾಗಿಯೇ ಸರಿಹೋಗುತ್ತವೆ. ಇನ್‌ಲೈನ್ ಮೂರರಲ್ಲಿ ಬಲಗಳು ಸರಿಹೋಗುತ್ತವೆ, ಆದರೆ ಎಂಜಿನ್ ತೊಟ್ಟಿಲಿನಂತೆ ಈ ತುದಿ ಆ ತುದಿ ತೂಗುತ್ತದೆ. ಪಿಸ್ಟನ್ ಭಾರವಾದಷ್ಟೂ ಆ ತೂಗಾಟ ಜಾಸ್ತಿ.

90 ಡಿಗ್ರಿ ವಿ-ಟ್ವಿನ್ ಮತ್ತು ಕ್ರಾಸ್‌ಪ್ಲೇನ್ ಕ್ರ್ಯಾಂಕ್‌ನ (ರಾಡ್ ಕೂರುವ ಪಿನ್‌ಗಳು ಒಂದಕ್ಕೊಂದು 90 ಡಿಗ್ರಿ ತಿರುವಿನಲ್ಲಿರುವ ಕ್ರ್ಯಾಂಕ್) ವಿ-8 ಎಂಜಿನ್‌ಗಳಲ್ಲಿ ಕೌಂಟರ್‌ವೇಟನ್ನು ಪಿಸ್ಟನ್ ತೂಕಕ್ಕೆ ಕರಾರುವಾಕ್ಕಾಗಿ ಹೊಂದಿಸಿರುತ್ತಾರೆ. ಎಲ್ಲ ಪಿಸ್ಟನ್ ಸಮನಾಗಿ ಬದಲಾದರೂ ಅಲ್ಲಿ ಕ್ರ್ಯಾಂಕ್ ಮರು ಬ್ಯಾಲೆನ್ಸ್ ಆಗಲೇಬೇಕು.

ಹೆಜ್ಜೆ 2: ಬಿಚ್ಚಿ, ತೂಗಿ, ಬರೆದಿಡಿ

0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಅಡುಗೆಮನೆಯ 1 ಗ್ರಾಂ ತಕ್ಕಡಿ ಸಾಲದು. ಎಲ್ಲ ಭಾಗಗಳನ್ನೂ ತೊಳೆದು ಒಣಗಿಸಿ. ಕ್ರೌನ್ (ಪಿಸ್ಟನ್‌ನ ತಲೆ) ಮೇಲಿನ ಕಾರ್ಬನ್, ಆಯಿಲ್ ರಿಂಗ್ ಕುಳಿಯೊಳಗಿನ ಎಣ್ಣೆ ಎರಡೂ ಗ್ರಾಂ ಲೆಕ್ಕದಲ್ಲಿ ಸುಳ್ಳು ಹೇಳಿಸುತ್ತವೆ.

ಹಳೆಯ ಸೆಟ್ಟನ್ನು ಮೊದಲು ತೂಗಿ. ನಮ್ಮ ಉದಾಹರಣೆಯಲ್ಲಿ ಪಿಸ್ಟನ್ 140 ಗ್ರಾಂ, ರಿಂಗ್‌ಗಳು 8, ಪಿಸ್ಟನ್ನನ್ನು ರಾಡ್‌ಗೆ ಜೋಡಿಸುವ ಪಿಸ್ಟನ್ ಪಿನ್ 32, ಪಿನ್ ಜಾರದಂತೆ ತಡೆಯುವ ಎರಡೂ ಸರ್ಕ್ಲಿಪ್ ಸೇರಿ 1. ಒಟ್ಟು 181 ಗ್ರಾಂ. ಬರೀ ಪಿಸ್ಟನ್ ತೂಗಿ ಬಿಡಬೇಡಿ. ಹೊಸ ಕಿಟ್‌ನ ಪಿಸ್ಟನ್ ಹಗುರವಾಗಿದ್ದು ಪಿನ್ ಭಾರವಾಗಿರುವುದು ಉಂಟು.

ಆಮೇಲೆ ರಾಡ್. ಅದರ ಸ್ಮಾಲ್ ಎಂಡ್ ಪಿಸ್ಟನ್ ಜೊತೆ ಏರಿ ಇಳಿಯುತ್ತದೆ, ಬಿಗ್ ಎಂಡ್ ಕ್ರ್ಯಾಂಕ್ ಜೊತೆ ತಿರುಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆ ತೂಗಬೇಕು. ಬಿಗ್ ಎಂಡಿನ ತೂತಿಗೆ ಒಂದು ಸರಳು ತೂರಿಸಿ ಸರಾಗವಾಗಿ ತೂಗುಹಾಕಿ. ಸ್ಮಾಲ್ ಎಂಡನ್ನು ತಕ್ಕಡಿಯ ಮೇಲೆ ಇಡಿ. ರಾಡ್ ನೆಲಕ್ಕೆ ಸಮಾನಾಂತರವಾಗಿ ಮಟ್ಟಸವಾಗಿರಬೇಕು. ಬಂದದ್ದು ಸ್ಮಾಲ್ ಎಂಡ್ ತೂಕ. ತಿರುಗಿಸಿ ಹಾಗೆಯೇ ಬಿಗ್ ಎಂಡ್ ತೂಗಿ. ಎರಡನ್ನೂ ಕೂಡಿದರೆ ಇಡೀ ರಾಡ್‌ನ ತೂಕ ಬರಬೇಕು. 1 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ತಗಲುತ್ತಿದೆ ಅಥವಾ ಮಟ್ಟ ತಪ್ಪಿದೆ. ಮತ್ತೆ ಮಾಡಿ. ಅಸೆಂಬಲ್ಡ್ ಕ್ರ್ಯಾಂಕ್ (ತುಂಡುಗಳನ್ನು ಒತ್ತಿ ಜೋಡಿಸಿದ್ದು) ಆಗಿದ್ದು ರಾಡ್ ಹೊರಗೆ ಬರದಿದ್ದರೆ, ಬಿಗ್ ಎಂಡ್ ಕೂತಿರುವ ಕ್ರ್ಯಾಂಕ್ ಪಿನ್ನನ್ನೇ ಆಧಾರ ಮಾಡಿಕೊಂಡು ಸ್ಮಾಲ್ ಎಂಡ್ ಒಂದನ್ನೇ ತೂಗಿದರೂ ಸಾಕು.

ನಮ್ಮ ರಾಡ್‌ನ ಸ್ಮಾಲ್ ಎಂಡ್ 70 ಗ್ರಾಂ ಅಂತ ಇಟ್ಟುಕೊಳ್ಳೋಣ. ಏರಿಳಿಯುವ ಒಟ್ಟು ತೂಕ 181 ಕೂಡಿಸು 70, ಅಂದರೆ 251 ಗ್ರಾಂ.

ಹೆಜ್ಜೆ 3: ಈಗಿರುವ ಬ್ಯಾಲೆನ್ಸ್ ಫ್ಯಾಕ್ಟರ್ ಅಳೆಯಿರಿ

ಇದು ಒಂಟಿ ಸಿಲಿಂಡರ್‌ಗೆ. ಕ್ರ್ಯಾಂಕನ್ನು ಎರಡು ಸಮಾನಾಂತರ, ನುಣುಪಾದ, ಮಟ್ಟಸ ಪಟ್ಟಿಗಳ ಮೇಲೆ ಉರುಳುವಂತೆ ಇಡಿ. ಹಳೆಯ ಬೇರಿಂಗ್‌ಗಳ ಮೇಲೆ ಇಡಬೇಡಿ, ಗ್ರೀಸಿನ ಹಿಡಿತಕ್ಕೇ ಹಲವು ಗ್ರಾಂ ತಪ್ಪುತ್ತದೆ. ಬಿಟ್ಟ ಕೂಡಲೇ ಕೌಂಟರ್‌ವೇಟ್ ಕೆಳಗೆ ಬಂದು ನಿಲ್ಲುತ್ತದೆ. ಈಗ ನೇತಾಡುವ ರಾಡ್‌ನ ಸ್ಮಾಲ್ ಎಂಡಿಗೆ ಸ್ವಲ್ಪ ಸ್ವಲ್ಪವೇ ತೂಕ ತೂಗುಹಾಕುತ್ತಾ ಹೋಗಿ. ಯಾವ ಕೋನದಲ್ಲಿ ಬಿಟ್ಟರೂ ಕ್ರ್ಯಾಂಕ್ ಅಲ್ಲೇ ನಿಂತರೆ ಸಮತೋಲ ಬಂತು.

ತೂಗುಹಾಕಿದ ತೂಕಕ್ಕೆ ಸ್ಮಾಲ್ ಎಂಡ್ ತೂಕ ಕೂಡಿಸಿ. ಅದನ್ನು ಏರಿಳಿಯುವ ಒಟ್ಟು ತೂಕದಿಂದ ಭಾಗಿಸಿ. ನಮಗೆ 68 ಗ್ರಾಂ ಬೇಕಾಯಿತು ಅಂದುಕೊಳ್ಳಿ. 68 ಕೂಡಿಸು 70, ಅಂದರೆ 138. ಅದನ್ನು 251ರಿಂದ ಭಾಗಿಸಿದರೆ 0.55. ಫ್ಯಾಕ್ಟರ್ 55%.

ಈ 138 ಗ್ರಾಂ ಅನ್ನುವ ಅಂಕಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದು ಕ್ರ್ಯಾಂಕ್‌ನ ಸ್ವಂತ ಆಸ್ತಿ. ಪಿಸ್ಟನ್ ಎಷ್ಟೇ ಬದಲಾದರೂ, ಕ್ರ್ಯಾಂಕ್ ಮುಟ್ಟುವ ತನಕ ಅದು ಬದಲಾಗುವುದಿಲ್ಲ.

ಹೆಜ್ಜೆ 4: ಹೊಸ ಪಿಸ್ಟನ್‌ನ ಲೆಕ್ಕ ಹಾಕಿ

ಬೋರ್ (ಸಿಲಿಂಡರ್‌ನ ಒಳ ಅಗಲ) ದೊಡ್ಡದು ಮಾಡಿ ಭಾರದ ಪಿಸ್ಟನ್ ಹಾಕುತ್ತಿದ್ದೀರಿ. ಹೊಸ ಸೆಟ್ 205 ಗ್ರಾಂ. ಹಳೆಯದಕ್ಕಿಂತ 24 ಜಾಸ್ತಿ. ಏರಿಳಿಯುವ ಒಟ್ಟು ತೂಕ 275. ಫ್ಯಾಕ್ಟರ್ 138 ಭಾಗಿಸು 275, ಸುಮಾರು 50%.

ಫ್ಯಾಕ್ಟರ್ ಐದು ಅಂಶ ಇಳಿಯಿತು ಅಂದರೆ ಕೈಗೆ ಏನು ಗೊತ್ತಾಗುತ್ತದೆ? ಶೇಕಡಾ ಲೆಕ್ಕ ಬಿಟ್ಟು ಗ್ರಾಂನಲ್ಲಿ ನೋಡಿ. ಮೊದಲು ಸಿಲಿಂಡರ್ ನೇರದಲ್ಲಿ ಸರಿದೂಗದೆ ಉಳಿದದ್ದು 251 ಕಳೆ 138, ಅಂದರೆ 113 ಗ್ರಾಂ. ಅಡ್ಡ ದಿಕ್ಕಿನಲ್ಲಿ ಎಳೆಯುವುದು ಕೌಂಟರ್‌ವೇಟ್‌ನ 138 ಗ್ರಾಂ. ಈಗ ನೇರದಲ್ಲಿ 137, ಅಡ್ಡದಲ್ಲಿ ಅದೇ 138. ಅಂದರೆ ಪಿಸ್ಟನ್‌ಗೆ ಸೇರಿದ 24 ಗ್ರಾಂ ಪೂರ್ತಿಯಾಗಿ ಸಿಲಿಂಡರ್ ನೇರದ ನಡುಕಕ್ಕೆ ಹೋಯಿತು. 8000 ಆರ್‌ಪಿಎಂನಲ್ಲಿ ಅದು ಸುಮಾರು 490 ನ್ಯೂಟನ್, 50 ಕಿಲೋ ಮೂಟೆಯ ಭಾರ. ಸೆಕೆಂಡಿಗೆ 133 ಸಲ ಮೇಲೆ ಕೆಳಗೆ.

ಹಗುರ ಪಿಸ್ಟನ್ ಹಾಕಿದರೆ? ಸೆಟ್ 161 ಗ್ರಾಂ ಇರಲಿ. ಒಟ್ಟು 231, ಫ್ಯಾಕ್ಟರ್ ಸುಮಾರು 60%. ನೇರದಲ್ಲಿ ಉಳಿದದ್ದು 93 ಗ್ರಾಂ, ಅಡ್ಡದಲ್ಲಿ ಮತ್ತೆ ಅದೇ 138. ನೇರದ ನಡುಕ ಇಳಿಯಿತು, ಅಡ್ಡದ್ದು ಹಾಗೇ ಇದೆ. ಅಂದರೆ ಬ್ಯಾಲೆನ್ಸರ್ ಇಲ್ಲದ ಒಂಟಿ ಸಿಲಿಂಡರ್‌ನಲ್ಲಿ ಹಗುರ ಪಿಸ್ಟನ್ ಯಾವ ದಿಕ್ಕಿನಲ್ಲೂ ನಡುಕ ಹೆಚ್ಚಿಸುವುದಿಲ್ಲ. ಬ್ಯಾಲೆನ್ಸರ್ ಇರುವ ಎಂಜಿನ್‌ನಲ್ಲಿ ಇದೇ 20 ಗ್ರಾಂ ಇಳಿಕೆ, ಮೊದಲು ಇಲ್ಲದಿದ್ದ 20 ಗ್ರಾಂ ನಡುಕವನ್ನು ಹುಟ್ಟಿಸುತ್ತದೆ. ಆರಂಭದಲ್ಲಿ ಹೇಳಿದ ಇಬ್ಬರ ಜಗಳ ಇಲ್ಲಿಗೆ ಬಗೆಹರಿಯಿತು.

ಬಹು ಸಿಲಿಂಡರ್ ಎಂಜಿನ್‌ನಲ್ಲಿ ಈ ಹೆಜ್ಜೆ ಸುಲಭ. ಎಲ್ಲ ಸೆಟ್‌ಗಳನ್ನೂ ತೂಗಿ. ಅತಿ ಹಗುರದ್ದನ್ನು ಪಕ್ಕಕ್ಕಿಟ್ಟು ಉಳಿದವನ್ನು ಅದಕ್ಕೆ ಸಮ ಮಾಡಿ. ಅರ್ಧ ಗ್ರಾಂ ಒಳಗೆ ತಂದರೆ ಒಳ್ಳೆಯದು, 1 ಗ್ರಾಂ ಒಳಗೆ ಬಂದರೂ ರಸ್ತೆ ಎಂಜಿನ್‌ಗೆ ಸಾಕು. ಕತ್ತರಿಸುವ ಮೊದಲು ಪಿನ್‌ಗಳನ್ನು ಅದಲು ಬದಲು ಮಾಡಿ ನೋಡಿ. ಭಾರದ ಪಿಸ್ಟನ್‌ಗೆ ಹಗುರ ಪಿನ್ ಜೋಡಿಸಿದರೆ ಎಷ್ಟೋ ಸಲ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆದರೆ ಇದು ಹೊಸ ಸೆಟ್‌ಗೆ ಮಾತ್ರ. ಓಡಿದ ಪಿನ್ನನ್ನು ಅದರ ಪಿಸ್ಟನ್‌ನಿಂದ ಬೇರೆ ಮಾಡಬಾರದು.

ಹೆಜ್ಜೆ 5: ಪಿಸ್ಟನ್‌ನಲ್ಲಿ ಎಲ್ಲಿ ಕೆರೆಯಬಹುದು, ಎಲ್ಲಿ ಮುಟ್ಟಬಾರದು

ಈ ಹೆಜ್ಜೆಯಲ್ಲಿ ಆತುರ ಬೇಡ. ಬ್ಯಾಲೆನ್ಸ್ ಸ್ವಲ್ಪ ತಪ್ಪಿದರೆ ಎಂಜಿನ್ ನಡುಗುತ್ತದೆ ಅಷ್ಟೆ. ಪಿಸ್ಟನ್ ಒಡೆದರೆ ಎಂಜಿನ್ನೇ ಇರುವುದಿಲ್ಲ.

ಅಲ್ಯೂಮಿನಿಯಂ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ. 5 ಗ್ರಾಂ ಇಳಿಸಲು ಸುಮಾರು ಎರಡು ಘನ ಸೆಂಟಿಮೀಟರ್ ಲೋಹ ತೆಗೆಯಬೇಕು. ಪಿಸ್ಟನ್ ಒಳಗೆ ಅಷ್ಟು ಬಿಡುವಾದ ಲೋಹ ಇರುವುದು ಅಪರೂಪ. 20 ಗ್ರಾಂ ಕೆರೆದು ತೆಗೆಯುತ್ತೇನೆ ಅನ್ನುವವರಿಗೆ ನನ್ನ ಸಲಹೆ: ಬೇಡ, ಹಗುರವಾಗಿಯೇ ತಯಾರಾದ ಫೋರ್ಜ್ಡ್ ಪಿಸ್ಟನ್ ಕೊಳ್ಳಿ.

ತೆಗೆಯಬಹುದಾದ ಜಾಗ ಪಿನ್ ಬಾಸ್‌ಗಳ (ಪಿನ್ ಕೂರುವ ದಪ್ಪ ಭಾಗಗಳ) ಕೆಳಭಾಗ. ಕೆಲವು ಪಿಸ್ಟನ್‌ಗಳಲ್ಲಿ ತೂಕ ಸರಿಮಾಡಲೆಂದೇ ಅಲ್ಲಿ ದಪ್ಪ ಲೋಹ ಬಿಟ್ಟಿರುತ್ತಾರೆ. ಸ್ಕರ್ಟ್‌ನ (ಪಿಸ್ಟನ್‌ನ ಕೆಳಗಿನ ಗೋಡೆಯ) ಒಳಗಿನ ಕೆಳ ಅಂಚಿನಲ್ಲಿರುವ ದಪ್ಪ ಪಟ್ಟಿಯಿಂದಲೂ ತುಸು ತೆಗೆಯಬಹುದು. ಎರಡೂ ಕಡೆ ಸಮನಾಗಿ ತೆಗೆಯಿರಿ. ಕೆರೆದ ಅಂಚನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ, ಬಿರುಕು ಶುರುವಾಗುವುದು ಚೂಪು ಮೂಲೆಯಿಂದಲೇ.

ಕ್ರೌನ್‌ನ ತಳ, ರಿಂಗ್ ಕುಳಿಗಳ ಹಿಂಭಾಗ, ಸರ್ಕ್ಲಿಪ್ ಕೂರುವ ಕುಳಿಯ ಸುತ್ತ, ಪಿನ್ ಬಾಸ್‌ನಿಂದ ಕ್ರೌನ್‌ಗೆ ಹೋಗುವ ಪಕ್ಕೆಲುಬು, ಇವನ್ನು ಮುಟ್ಟಬೇಡಿ. ಕ್ರೌನ್ ಶಾಖವನ್ನೂ ಒತ್ತಡವನ್ನೂ ಹೊರುವ ಜಾಗ. ವಾಲ್ವ್ ಪಾಕೆಟ್ (ವಾಲ್ವ್‌ಗೆ ಜಾಗ ಬಿಡುವ ತಗ್ಗು) ಆಳ ಮಾಡಬೇಕಾದರೆ ಕ್ರೌನ್ ದಪ್ಪ ಎಷ್ಟಿದೆ ಅಂತ ಅಳೆದ ಮೇಲೆಯೇ ಕಟರ್ ಇಳಿಸಿ.

ಪಿನ್ ಉಕ್ಕಿನದು, ಅದರಲ್ಲಿ ತೂಕ ಜಾಸ್ತಿ ಅಡಗಿದೆ. ಪಿನ್ ಬಾಗುವ ಒತ್ತಡ ನಡುವಿನಲ್ಲಿ ಹೆಚ್ಚು, ತುದಿಗಳಲ್ಲಿ ಕಡಿಮೆ. ಅದಕ್ಕೇ ಒಳಗಿನ ತೂತನ್ನು ತುದಿಗಳಲ್ಲಿ ಅಗಲವಾಗಿ ಕೊರೆದ ಪಿನ್‌ಗಳು ಸಿಗುತ್ತವೆ. ಗಟ್ಟಿ ಮಾಡಿದ ಉಕ್ಕನ್ನು ನೀವೇ ಕೊರೆಯುವುದಕ್ಕಿಂತ ಅಂಥ ಪಿನ್ ತರುವುದು ಒಳ್ಳೆಯದು.

ಟೂ-ಸ್ಟ್ರೋಕ್ ಎಂಜಿನ್ ಇದ್ದವರಿಗೆ ಒಂದು ಮಾತು. ಪಿಸ್ಟನ್‌ನ ಸ್ಕರ್ಟೇ ಇನ್‌ಟೇಕ್ ಪೋರ್ಟ್ ತೆರೆದು ಮುಚ್ಚುವ ಎಂಜಿನ್‌ನಲ್ಲಿ ಇನ್‌ಟೇಕ್ ಕಡೆಯ ಸ್ಕರ್ಟ್ ಕತ್ತರಿಸಿದರೆ ತೂಕದ ಜೊತೆ ಪೋರ್ಟ್ ಟೈಮಿಂಗ್ ಕೂಡ ಬದಲಾಗುತ್ತದೆ. ತೂಕ ಇಳಿಸಲೆಂದು ಅಲ್ಲಿ ಕತ್ತರಿ ಹಾಕಬೇಡಿ.

ಹೆಜ್ಜೆ 6: ಕ್ರ್ಯಾಂಕ್ ತಿದ್ದಿ

ಪಿಸ್ಟನ್ ಕೆಲಸ ಪೂರ್ತಿ ಮುಗಿದು, ಕೊನೆಯ ತೂಕ ಬರೆದಿಟ್ಟ ಮೇಲೆಯೇ ಕ್ರ್ಯಾಂಕ್‌ಗೆ ಕೈ ಹಾಕಿ.

ಭಾರದ ಪಿಸ್ಟನ್‌ಗೆ ಮತ್ತೆ 55% ಬೇಕು. 275ರ 55% ಅಂದರೆ ಸುಮಾರು 151. ಇರುವುದು 138. ಕ್ರ್ಯಾಂಕ್ ಪಿನ್ ದೂರದಲ್ಲಿ, ಅಂದರೆ 29 ಮಿ.ಮೀ.ನಲ್ಲಿ, 13 ಗ್ರಾಂ ಕೊರತೆ. ಕೌಂಟರ್‌ವೇಟ್‌ನಲ್ಲಿ 58 ಮಿ.ಮೀ. ದೂರದಲ್ಲಿ ಸೇರಿಸಿದರೆ ಅರ್ಧ ಸಾಕು, ಆರೂವರೆ ಗ್ರಾಂ. ಎರಡು ವೆಬ್‌ಗೆ (ಕ್ರ್ಯಾಂಕ್ ಪಿನ್‌ನ ಎರಡು ಬದಿಯ ತಟ್ಟೆಗಳಿಗೆ) ಹಂಚಿದರೆ ತಲಾ ಮೂರೂ ಕಾಲು. ಸೇರಿಸುವುದು ಟಂಗ್‌ಸ್ಟನ್ ಮಿಶ್ರಲೋಹದಿಂದ. ಅದು ಒಂದು ಘನ ಸೆಂಟಿಮೀಟರಿಗೆ 17, 18 ಗ್ರಾಂ ತೂಗುತ್ತದೆ. ಉಕ್ಕು 7.8. ಉಕ್ಕು ಕೊರೆದು ಟಂಗ್‌ಸ್ಟನ್ ತುಂಬಿದರೆ ಘನ ಸೆಂಟಿಮೀಟರಿಗೆ ಸುಮಾರು 10 ಗ್ರಾಂ ಲಾಭ. ತುಂಡನ್ನು ಬಿಗಿಯಾಗಿ ಒತ್ತಿ ಕೂರಿಸಬೇಕು. ಶಾಫ್ಟ್‌ಗೆ ಸಮಾನಾಂತರವಾಗಿ ಕೊರೆದ ತೂತಿನಲ್ಲಿ ಕೂರಿಸಿದರೆ ತಿರುಗುವ ಎಳೆತಕ್ಕೆ ಅದು ಹೊರಗೆ ಹಾರಲಾರದು. ಇನ್ನೊಂದು ದಾರಿ, ಕ್ರ್ಯಾಂಕ್ ಪಿನ್ ಇರುವ ಬದಿಯಲ್ಲಿ ಲೋಹ ಕೊರೆದು ತೆಗೆಯುವುದು. ಆದರೆ ಒತ್ತಿ ಕೂರಿಸಿದ ಕ್ರ್ಯಾಂಕ್ ಪಿನ್‌ನ ಹತ್ತಿರ ಕೊರೆದರೆ ಅದರ ಹಿಡಿತ ಸಡಿಲವಾಗುತ್ತದೆ.

ಹಗುರ ಪಿಸ್ಟನ್‌ಗೆ ಕೆಲಸ ಸಲೀಸು. 231ರ 55% ಅಂದರೆ 127. ಇರುವ 138ರಲ್ಲಿ 11 ಜಾಸ್ತಿ. 58 ಮಿ.ಮೀ. ದೂರದಲ್ಲಿ ಐದೂವರೆ ಗ್ರಾಂ, ಪ್ರತಿ ವೆಬ್‌ನಿಂದ ಎರಡೂ ಮುಕ್ಕಾಲು. 10 ಮಿ.ಮೀ. ಡ್ರಿಲ್ ಉಕ್ಕಿನಲ್ಲಿ ಒಂದು ಮಿ.ಮೀ. ಇಳಿದರೆ ಸುಮಾರು 0.6 ಗ್ರಾಂ ಹೋಗುತ್ತದೆ. ನಾಲ್ಕೂವರೆ ಮಿ.ಮೀ. ಆಳ ಸಾಕು. ಮೊದಲು ಮೂರೇ ಮಿ.ಮೀ. ಕೊರೆದು, ಮತ್ತೆ ಪಟ್ಟಿಗಳ ಮೇಲಿಟ್ಟು ನೋಡಿ.

ಬ್ಯಾಲೆನ್ಸರ್ ಶಾಫ್ಟ್ ಇರುವ ಎಂಜಿನ್‌ನಲ್ಲಿ ಬದಲಾವಣೆಯ ಅರ್ಧ ಕ್ರ್ಯಾಂಕ್‌ನಲ್ಲಿ, ಅರ್ಧ ಶಾಫ್ಟ್‌ನಲ್ಲಿ ಆಗಬೇಕು. ಅಷ್ಟು ತಾಪತ್ರಯಕ್ಕಿಂತ ಮೂಲ ತೂಕದ ಪಿಸ್ಟನ್ ಹುಡುಕುವುದೇ ಜಾಣತನ ಅಂತ ನನ್ನ ಅನಿಸಿಕೆ.

ವಿ-8 ಕ್ರ್ಯಾಂಕ್‌ಗೆ ಯಂತ್ರದ ಮೇಲೆ ತಿರುಗಿಸಿಯೇ ಬ್ಯಾಲೆನ್ಸ್ ಮಾಡಬೇಕು. ಪ್ರತಿ ಕ್ರ್ಯಾಂಕ್ ಪಿನ್‌ಗೆ ಬಾಬ್‌ವೇಟ್ ಅನ್ನುವ ಬದಲಿ ತೂಕ ಕಟ್ಟುತ್ತಾರೆ. ಒಂದು ಪಿನ್‌ಗೆ ಎರಡು ರಾಡ್ ಇರುತ್ತವೆ. ಎರಡೂ ಬಿಗ್ ಎಂಡ್, ಅವುಗಳ ಬೇರಿಂಗ್ ಶೆಲ್, ಅಂಟಿಕೊಳ್ಳುವ ಎಣ್ಣೆಗೆ ಕೆಲವು ಗ್ರಾಂ, ಇವು ಪೂರ್ತಿ. ಏರಿಳಿಯುವ ಎರಡು ಸೆಟ್‌ಗಳಲ್ಲಿ ಅರ್ಧ, ಅಂದರೆ ಒಂದು ಸೆಟ್ಟಿನ ತೂಕ. ಯಂತ್ರ ನಡೆಸುವವರಿಗೆ ನಿಮ್ಮ ತೂಕದ ಪಟ್ಟಿ ಕೊಡಿ. ಫ್ಲೈವೀಲ್ ಮತ್ತು ಮುಂದಿನ ಡ್ಯಾಂಪರ್‌ನಲ್ಲೂ ಬ್ಯಾಲೆನ್ಸ್ ತೂಕ ಇರುವ ಎಂಜಿನ್ ಆದರೆ ಅವೆರಡನ್ನೂ ಜೊತೆಗೇ ಕೊಡಬೇಕು.

ಹೆಜ್ಜೆ 7: ಜೋಡಿಸಿ, ಓಡಿಸಿ ನೋಡಿ

ಜೋಡಿಸುವಾಗ ಪಿಸ್ಟನ್ ಮೇಲಿನ ಬಾಣದ ಗುರುತು ಸರಿಯಾದ ಕಡೆ ಇರಲಿ. ಎಷ್ಟೋ ಪಿಸ್ಟನ್‌ಗಳಲ್ಲಿ ಪಿನ್ ನಟ್ಟ ನಡುವೆ ಇರುವುದಿಲ್ಲ, ತುಸು ಪಕ್ಕಕ್ಕಿರುತ್ತದೆ. ತಿರುಗುಮುರುಗಾದರೆ ಟಪಟಪ ಸದ್ದು ಬರುತ್ತದೆ. ಒತ್ತಿ ಜೋಡಿಸುವ ಕ್ರ್ಯಾಂಕನ್ನು ಬಿಚ್ಚಿದ್ದರೆ ಡಯಲ್ ಗೇಜ್ ಇಟ್ಟು ರನ್‌ಔಟ್ (ತಿರುಗುವಾಗಿನ ಓಲಾಟ) ನೋಡಿ, ಮ್ಯಾನುಯಲ್‌ನಲ್ಲಿ ಕೊಟ್ಟ ಮಿತಿಯೊಳಗೆ ತನ್ನಿ. ಡೊಂಕು ಕ್ರ್ಯಾಂಕ್‌ನ ನಡುಕವನ್ನು ಯಾವ ತೂಕವೂ ಸರಿಪಡಿಸಲಾರದು.

ಭಾರದ ಪಿಸ್ಟನ್ ಹಾಕಿದವರು ಇದನ್ನು ಮರೆಯಬೇಡಿ: ಕ್ರ್ಯಾಂಕ್ ಎಷ್ಟೇ ಚೆನ್ನಾಗಿ ತಿದ್ದಿದರೂ ರಾಡ್ ಮೇಲಿನ ಎಳೆತ ಕಡಿಮೆಯಾಗುವುದಿಲ್ಲ. ನಮ್ಮ 24 ಗ್ರಾಂ, ಮೇಲಿನ ತುದಿಯಲ್ಲಿ ರಾಡನ್ನು ಸುಮಾರು 600 ನ್ಯೂಟನ್ ಜಾಸ್ತಿ ಎಳೆಯುತ್ತದೆ. ಬೋಲ್ಟ್ ಹಾಕುವ ರಾಡ್ ಆದರೆ ಹೊಸ ಬೋಲ್ಟ್ ಹಾಕಿ. ಆರ್‌ಪಿಎಂ ಮಿತಿಯನ್ನು ಹಳೆಯದರಷ್ಟೇ ಇಡಬೇಕಾ ಅಂತ ಮತ್ತೊಮ್ಮೆ ಯೋಚಿಸಿ.

ರನ್ನಿಂಗ್-ಇನ್ ಮುಗಿದ ಮೇಲೆ ಅದೇ ಗೇರ್‌ನಲ್ಲಿ, ಅದೇ ಆರ್‌ಪಿಎಂಗಳಲ್ಲಿ ಓಡಿಸಿ, ಹಳೆಯ ನಡುಕದ ಜೊತೆ ಹೋಲಿಸಿ. ಎಂಜಿನ್ ಮೌಂಟ್ ಬೋಲ್ಟ್‌ಗಳನ್ನು ಎರಡೂ ಸಲ ಒಂದೇ ಟಾರ್ಕ್‌ಗೆ ಬಿಗಿದಿರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಕಂಪನ ಅಳೆಯುವ ಸಾಧನ ಇದ್ದರೆ 3000 ಆರ್‌ಪಿಎಂನಲ್ಲಿ ಹಿಡಿದು ನೋಡಿ. ಸೆಕೆಂಡಿಗೆ 50 ಸಲದ ಕಂಪನ ಹೆಚ್ಚಿದ್ದರೆ ಪ್ರೈಮರಿ ತಪ್ಪಿದೆ, ತೂಕದ ಪಟ್ಟಿ ತೆಗೆದು ಮತ್ತೆ ಲೆಕ್ಕ ನೋಡಿ. ಸೆಕೆಂಡಿಗೆ 100 ಸಲದ್ದು ಹೆಚ್ಚಿದ್ದರೆ ಅದು ಸೆಕೆಂಡರಿ. ಅದಕ್ಕಾಗಿ ಕೌಂಟರ್‌ವೇಟ್ ಕೊರೆಯಲು ಹೋಗಬೇಡಿ.